ಕಳೆ ತೆಗೆಯುವವಳ ಮಗಳು ಕೃಷಿ ಓದಿದ್ದು

ಪಿಯುಸಿ ಮುಗಿದ ಬೇಸಿಗೆಯಲ್ಲಿ ನಾನು ಕೃಷಿ ವಿಜ್ಞಾನ ಓದುತ್ತೇನೆ ಎಂದಾಗ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಹೊಲದಾಗ ದುಡಿಯಾಕ ಸಾಲಿ ಕಲೀಬೇಕೇನ? ನಾ ಯಾವ ಸಾಲಿ ಕಲತೇನಿ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ಕುಲಗೋಡದಲ್ಲಿ ನಮಗೆ ಮನೆ ಬಿಟ್ಟರೆ ಒಂದು ಗುಂಟೆ ನೆಲವೂ ಇಲ್ಲ. ಅಪ್ಪ ಗೋಕಾಕದಲ್ಲಿ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ಅವ್ವ ಆರೇಳು ಹೆಂಗಸರ ಜೊತೆ ಬೇರೆಯವರ ಹೊಲಗಳಲ್ಲಿ ಕಳೆ ತೆಗೆಯುತ್ತಿದ್ದಳು. ಊರಿನ ಯಾವ ಹೊಲದ ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಮಣ್ಣು ಬೇಗ ಬಿರುಕು ಬಿಡುತ್ತದೆ ಎಂಬುದು ಹೊಲದ ಮಾಲಕರಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು. ಮಗಳ ಕೈಗೆ ಮಾತ್ರ ಕಳೆ ತೆಗೆಯುವ ಕುರ್ಪಿ ಬರಬಾರದು ಎಂಬುದು ಅವಳ ಒಂದೇ ಹಟ. ನಾನು ನರ್ಸ್ ಆಗಬೇಕಿತ್ತು, ಇಲ್ಲವೇ ಸಾಲಿ ಕಲಿಸುವ ಅಕ್ಕಾರು. ಒಟ್ಟಿನಲ್ಲಿ ನೆರಳಿನಲ್ಲಿ ಮಾಡುವ ಕೆಲಸ.

ಮೂಡಲಗಿಯ ಕಾಲೇಜಿನಲ್ಲಿ ನನಗೆ ಜೀವಶಾಸ್ತ್ರ ಕಲಿಸಿದ ಮೇಡಂ ಒಂದು ದಿನ ಮನೆಗೇ ಬಂದರು. ಪಡಸಾಲೆಯಲ್ಲಿ ಬುದ್ಧನ ಫೋಟೊದ ಕೆಳಗೆ ಚಾಪೆ ಹಾಸಿ ಕೂರಿಸಿದೆವು. ಈ ಓದು ಓದಿದರೆ ಬ್ಯಾಂಕಿಗೆ ಹೋಗಬಹುದು, ಸರ್ಕಾರಿ ಅಧಿಕಾರಿಯಾಗಬಹುದು, ಬೀಜದ ಕಂಪನಿ, ಸಕ್ಕರೆ ಕಾರ್ಖಾನೆ, ಇನ್ನೂ ಓದಿದರೆ ಸಂಶೋಧನೆ ಎಂದು ಅವರು ಬಿಡಿಸಿ ಹೇಳಿದರು. ಅವ್ವ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಆ ಕೆಲಸಾ ನೆಳ್ಳಾಗ ಇರತೈತೇನ್ರಿ ಅಕ್ಕಾರ?"

ಮೇಡಂ ಸ್ವಲ್ಪ ಯೋಚಿಸಿದರು. "ಅರ್ಧಾ ನೆಳ್ಳು, ಅರ್ಧಾ ಬಿಸಲು ನೋಡ್ರಿ. ಸುಳ್ಳ ಹೇಳಾಂಗಿಲ್ಲ."

ಆ ಪ್ರಾಮಾಣಿಕತೆಯೇ ಅವ್ವನಿಗೆ ಹಿಡಿಸಿತೆಂದು ಕಾಣುತ್ತದೆ. ಮರುದಿನ ಅವಳು ಅಪ್ಪನಿಗೆ, "ಹೋಗಲಿ ಬಿಡ್ರಿ, ಅರ್ಧರ ನೆಳ್ಳ ಸಿಗತೈತಂತ" ಎಂದಳು.

ಕೃಷಿಕರ ಮಕ್ಕಳಿಗೆಂದು ಬೇರೆ ಸೀಟುಗಳಿರುತ್ತವೆ. ಅದಕ್ಕೆ ಬೀಜ, ಗೊಬ್ಬರ, ಒಕ್ಕಲುತನದ ಸಾಮಾನು ಗುರುತಿಸುವ ಪ್ರಯೋಗ ಪರೀಕ್ಷೆ. ಅಲ್ಲಿ ಇಡುವ ವಸ್ತುಗಳಲ್ಲಿ ನನಗೆ ಗೊತ್ತಿಲ್ಲದ್ದು ಬಹುಶಃ ಒಂದೂ ಇರಲಿಲ್ಲ. ಆದರೆ ಆ ಪರೀಕ್ಷೆಗೆ ಕೂರಲು ಜಮೀನಿನ ಕಾಗದ ಬೇಕು, ನಮ್ಮಲ್ಲಿ ಜಮೀನೇ ಇಲ್ಲ. ಉಳಿದ ಸೀಟುಗಳಲ್ಲಿ ಅಂಕಗಳ ಮೇಲೆ ನನಗೆ ಧಾರವಾಡದಲ್ಲಿ ಜಾಗ ಸಿಕ್ಕಿತು.

ಎರಡನೆಯ ವರ್ಷ ನಮಗೆಲ್ಲ ಒಂದೊಂದು ತುಂಡು ನೆಲ ಕೊಟ್ಟರು. ಬಿತ್ತುವುದರಿಂದ ಹಿಡಿದು ರಾಶಿ ಮಾಡುವವರೆಗೆ ಎಲ್ಲ ಕೆಲಸವನ್ನೂ ನಾವೇ ಮಾಡಬೇಕು, ಆಳು ಹಚ್ಚುವಂತಿಲ್ಲ. ಒಂದು ಕೋಣೆಯಷ್ಟು ಅಗಲದ ಆ ಕರಿಮಣ್ಣಿನ ತುಂಡಿಗೆ ನನ್ನ ಹೆಸರಿನ ಪಾಟಿ ಚುಚ್ಚಿದ್ದರು. ನಾನು ಸೋಯಾಬೀನ್ ಬಿತ್ತಿದೆ. ದಿನಾ ಬೆಳಗ್ಗೆ ತರಗತಿಗೆ ಮೊದಲು ಹೋಗಿ ನೋಡಿ ಬರುತ್ತಿದ್ದೆ. ಫೋನಿನಲ್ಲಿ ಅವ್ವನಿಗೆ ಇವತ್ತು ಎರಡು ಎಲೆ, ಇವತ್ತು ಮೂರು ಎಲೆ ಎಂದು ಹೇಳುತ್ತಿದ್ದೆ. ಅದನ್ನು ಕೇಳಿ ಕೇಳಿ ಅವಳಿಗೂ ತಡೆಯಲಾಗಲಿಲ್ಲವೇನೋ, ಒಂದು ದಿನ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಹಿಡಿದು, ಗೋಕಾಕದಲ್ಲಿ ಬಸ್ಸು ಬದಲಿಸಿ ಬಂದೇಬಿಟ್ಟಳು.

ನನ್ನ ಬೆಳೆ ಚೆನ್ನಾಗಿಯೇ ಇತ್ತು, ಆದರೆ ಸಾಲುಗಳ ನಡುವೆ ಜೇಕಿನ ಕಳೆ ಎದ್ದಿತ್ತು. ಎರಡು ಸಲ ಕಿತ್ತಿದ್ದರೂ ಮತ್ತೆ ಹಸಿರು ಸೂಜಿಗಳಂತೆ ಬಂದಿತ್ತು. ಅವ್ವ ಅದನ್ನು ನೋಡಿದ್ದೇ ಗಂಟನ್ನು ಬದುವಿನ ಮೇಲಿಟ್ಟು, ಸೀರೆಯ ನಿರಿಗೆ ಎತ್ತಿ ಕಟ್ಟಿ, ಅಲ್ಲೇ ಬಿದ್ದಿದ್ದ ನನ್ನ ಕುರ್ಪಿ ತೆಗೆದುಕೊಂಡು ಕುಳಿತಳು.

"ಮ್ಯಾಲ ಮ್ಯಾಲ ಹರದೀ ಏನ? ಇದಕ್ಕ ಹಜಾಮತಿ ಮಾಡಿದಂಗ ಆತ ನೋಡ. ಹರದಷ್ಟೂ ಚಂದ ಬೆಳೀತೈತಿ. ಕೆಳಗ ಗಡ್ಡಿ ಐತಿ, ಅದನ್ನ ತಗೀಬೇಕ."

ಹಿಂದಿನ ವಾರವಷ್ಟೇ ಜೇಕಿನ ಗಡ್ಡೆಯ ಚಿತ್ರ ಬಿಡಿಸಿ, ಭಾಗಗಳನ್ನು ಗುರುತಿಸಿ ಅಂಕ ಪಡೆದವಳು ನಾನು!

ಅಷ್ಟರಲ್ಲಿ ನಮಗೆ ಬೇಸಾಯ ಶಾಸ್ತ್ರ ಕಲಿಸುವ ಪ್ರಾಧ್ಯಾಪಕರು ಕುರ್ಪಿ ಹಿಡಿದ ಇಪ್ಪತ್ತು ಹುಡುಗ ಹುಡುಗಿಯರನ್ನು ಕರೆದುಕೊಂಡು ಅದೇ ದಾರಿಯಲ್ಲಿ ಬಂದರು. ಅವ್ವನನ್ನು ನೋಡಿ ಅವರ ಮುಖ ಗಂಟಾಯಿತು.

"ಆಳು ಹಚ್ಚಬಾರದಂತ ಹೇಳಿಲ್ಲೇನ? ಯಾರೀಕಿ?"

ನಾನು ತಕ್ಷಣ ಉತ್ತರಿಸಲಿಲ್ಲ. ಅವ್ವ ಗಾಬರಿಯಾಗಿ ಎದ್ದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅವಳ ಕೈ ಮಣ್ಣಾಗಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ನನ್ನ ಗೆಳತಿಯರ ತಂದೆತಾಯಿ ಭೇಟಿಗೆ ಕಾರಿನಲ್ಲಿ ಬರುತ್ತಿದ್ದರು. ಎಷ್ಟು ಹೊತ್ತು ಸುಮ್ಮನಿದ್ದೆನೋ, ಎರಡು ಉಸಿರಿನಷ್ಟಿರಬೇಕು. ಆಮೇಲೆ ಹೇಳಿದೆ.

"ನಮ್ಮವ್ವರೀ ಸರ್."

ಪ್ರಾಧ್ಯಾಪಕರ ಮುಖ ಸಡಿಲವಾಯಿತು. ಅವ್ವ ಕಿತ್ತಿಟ್ಟ ಜೇಕನ್ನು ಅವರು ಬಗ್ಗಿ ಎತ್ತಿಕೊಂಡರು. ಪ್ರತಿಯೊಂದರ ಬುಡದಲ್ಲೂ ಇಡೀ ಗಡ್ಡೆ ಇತ್ತು, ಒಂದೂ ಮುರಿದಿರಲಿಲ್ಲ. "ತಾಯೀ, ಇದನ್ನ ಹೆಂಗ ತಗೀತೀರಿ, ನಮ್ಮ ಹುಡುಗರಿಗೆ ಸ್ವಲ್ಪ ಹೇಳ್ರಿ" ಎಂದರು. ಅಷ್ಟು ಜನರ ಎದುರು ಅವ್ವ ಯಾವತ್ತೂ ಮಾತಾಡಿದವಳಲ್ಲ. ಕೊನೆಗೆ ಮತ್ತೆ ಕುಕ್ಕರಗಾಲಿನಲ್ಲಿ ಕುಳಿತು, ಕುರ್ಪಿಯನ್ನು ಓರೆಯಾಗಿ ಇಳಿಸಿ, ಒಂದು ಸಲ ಮೀಟಿ ಎತ್ತಿದಳು. ಮತ್ತೊಂದು. ಇನ್ನೊಂದು. ಪ್ರಾಧ್ಯಾಪಕರೇ ಪ್ಯಾಂಟು ಮಡಚಿ ಅವಳ ಹಿಂದೆ ಕುಳಿತರು. ಅವರನ್ನು ನೋಡಿ ಎಲ್ಲರೂ ಅಕ್ಕಪಕ್ಕದ ತುಂಡುಗಳಲ್ಲಿ ಕುಳಿತರು. ಅರ್ಧ ತಾಸು ಅಲ್ಲಿ ಕುರ್ಪಿಗಳ ಸದ್ದಷ್ಟೇ.

ಸಂಜೆ ಬಸ್ ನಿಲ್ದಾಣದಲ್ಲಿ ಅವಳನ್ನು ಕಳಿಸಲು ಹೋದಾಗ ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳೇ ಮಾತು ತೆಗೆದಳು.

"ಯಾಕ ತಡಾ ಮಾಡಿದಿ ಹೇಳಾಕ?"

ನಾನು ಅತ್ತೆ. ಅವಳು ಬೈಯಲಿಲ್ಲ. ಸೆರಗಿನಿಂದ ನನ್ನ ಮುಖ ಒರೆಸಿ, "ಕೂಲ್ಯಾಕಿ ಅಂದ್ರ ಏನಾತ? ಕೂಲ್ಯಾಕೀನ ಅದೇನಿ. ಆದ್ರ ನಿಮ್ಮವ್ವನೂ ಅದೇನಿ. ಎರಡೂ ಖರೇನ ಅದಾವ" ಎಂದು ಬಸ್ಸು ಹತ್ತಿದಳು. ಕಿಟಕಿಯಿಂದ ಕೈ ಹೊರಗೆ ಹಾಕಿ, ರೊಟ್ಟಿಯನ್ನು ಕೋಣೆಯವರಿಗೂ ಕೊಡು ಎಂದು ಕೂಗಿದಳು.

ನಾಲ್ಕು ವರ್ಷ ಮುಗಿದಾಗ ನಾವೆಲ್ಲ ಕಾಳು ಚೆಲ್ಲಿದಂತೆ ಚದುರಿದೆವು. ನನ್ನ ಕೋಣೆಯ ಗೆಳತಿ ಬ್ಯಾಂಕಿನಲ್ಲಿ ಕೃಷಿ ಸಾಲದ ಅಧಿಕಾರಿಯಾದಳು. ಒಬ್ಬ ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗಕ್ಕೆ ಹೋದ, ಇಬ್ಬರು ಮುಂದೆ ಓದಿದರು. ನಾನು ಸರ್ಕಾರಿ ಪರೀಕ್ಷೆಗೆ ಓದುತ್ತಲೇ ಬೆಳೆಗಳ ಔಷಧಿ ಮಾರುವ ಕಂಪನಿಯೊಂದಕ್ಕೆ ಸೇರಿದೆ. ಸ್ಕೂಟಿಯ ಮೇಲೆ ಗೋಕಾಕ, ಮೂಡಲಗಿಯ ಹಳ್ಳಿಗಳನ್ನು ಸುತ್ತಿ ಕಳೆನಾಶಕದ ಪ್ರಾತ್ಯಕ್ಷಿಕೆ ಕೊಡುವುದು ಕೆಲಸ. ನಮ್ಮೂರಿನ ಬಾಜೂದ ಹೊಲವೊಂದರಲ್ಲೂ ಕೊಟ್ಟೆ. ಹತ್ತು ದಿನದಲ್ಲಿ ಕಬ್ಬಿನ ಸಾಲುಗಳು ಕಸವಿಲ್ಲದೆ ಕನ್ನಡಿಯಂತಾದವು. ಆ ರೈತ ನನಗೆ ಕೈಮುಗಿದು, "ಆಳ ಸಿಗದ ಸತ್ತಿದ್ದೆ ನೋಡವಾ, ಛಲೋ ಆತ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಕಳೆಯ ದಿನಗಳಲ್ಲಿ ಎಲ್ಲರಿಗೂ ಒಂದೇ ಸಲ ಆಳು ಬೇಕು.

ಮುಂದಿನ ಹಂಗಾಮಿನಲ್ಲಿ ಊರಿಗೆ ಹೋದಾಗ ಅವ್ವ ಮಧ್ಯಾಹ್ನ ಮನೆಯಲ್ಲೇ ಇದ್ದಳು. ಯಾಕೆಂದು ಕೇಳಿದರೆ ಸೊಂಟ ನೋವೆಂದಳು. ಪಕ್ಕದ ಮನೆಯ ಕಾಕು, ಅವ್ವನ ಜೊತೆಗೆ ಕಳೆಗೆ ಹೋಗುವವಳು, ಹೊರಗೆ ಸಿಕ್ಕಾಗ ನಿಜ ಹೇಳಿದಳು. "ನೀ ಕಸಕ್ಕ ಎಣ್ಣಿ ಹೊಡಿಸಿದಿ ಅಲಾ, ಆಗಿಂದ ಆ ಹೊಲದವ್ರು ನಮ್ಮನ್ನ ಕರಿಯಾಂಗಿಲ್ಲ. ಅವ್ರನ್ನ ನೋಡಿ ಉಳದಾವ್ರೂ ಬಿಟ್ರು. ನಿಮ್ಮವ್ವ ನಿನಗ ಹೇಳಬ್ಯಾಡ ಅಂದಾಳ."

ನಾನು ಒಳಗೆ ಹೋಗಿ ಅವ್ವನ ಎದುರು ಕುಳಿತೆ. ಅವಳಿಗೆ ತಿಳಿಯಿತು. "ಆಕಿ ಬಾಯಾಗ ಏನೂ ನಿಲ್ಲಾಂಗಿಲ್ಲ" ಎಂದು ಗೊಣಗಿದಳು. ನಾನು ಕೆಲಸ ಬಿಡುತ್ತೇನೆಂದೆ. "ನೀ ಬಿಟ್ರ ಇನ್ನೊಬ್ಬಾವ ಬಂದ ಮಾರತಾನ. ಬಿಡೂದಲ್ಲ, ನಮಗ ಬ್ಯಾರೆ ಏನರ ಮಾಡಾಕ ಬರತೈತೇನ ನೋಡ. ಅಷ್ಟ ವರ್ಷ ಕಲತೀ" ಎಂದಳು.

ಆ ವರ್ಷವೇ ಪರೀಕ್ಷೆ ಪಾಸಾಗಿ, ಹುಕ್ಕೇರಿ ತಾಲ್ಲೂಕಿನಲ್ಲಿ ಸಹಾಯಕ ಕೃಷಿ ಅಧಿಕಾರಿಯಾಗಿ ಸೇರಿದೆ. ಕಣಗಲಾ ಊರಿನ ಕಡೆ ಒಬ್ಬರ ತೋಟದಲ್ಲಿ ಕಬ್ಬಿನ ಸಸಿ ಬೆಳೆಸುವುದನ್ನು ನೋಡಿದಾಗ ಅವ್ವನ ಮಾತು ನೆನಪಾಯಿತು. ಕಬ್ಬಿನ ಗಣಿಕೆಯಲ್ಲಿ ಮೊಳಕೆ ಒಡೆಯುವ ಒಂದೊಂದೇ ಕಣ್ಣನ್ನು ಕತ್ತರಿಸಿ, ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿ, ಗೊಬ್ಬರ ತುಂಬಿ ನೆಡುತ್ತಾರೆ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಮುಚ್ಚಿ, ಮೊಳಕೆ ಬಂದ ಮೇಲೆ ನೆರಳುಪರದೆಯ ಕೆಳಗೆ ಹರವುತ್ತಾರೆ. ಕೈ ಚುರುಕಿರುವ ಹೆಂಗಸರದೇ ಕೆಲಸ, ಅದೂ ನೆರಳಿನಲ್ಲಿ. ನಮ್ಮೂರಲ್ಲೂ ಇದನ್ನು ಮಾಡೋಣವೆಂದೆ. ಅವ್ವ, ಕಾಕು, ಇನ್ನೂ ನಾಲ್ವರು ಒಪ್ಪಿದರು. ನನ್ನ ಕಳೆನಾಶಕ ಹೊಡೆಸಿಕೊಂಡಿದ್ದ ಆ ರೈತನೇ, ತನಗೂ ಸಸಿ ಕೊಟ್ಟರೆ ಸಾಕೆಂದು ತನ್ನ ಬಾವಿಯ ಪಕ್ಕದ ಜಾಗ ಬಿಟ್ಟುಕೊಟ್ಟ.

ಮೊದಲ ಸಲದ ಟ್ರೇಗಳೆಲ್ಲ ಕೆಟ್ಟವು. ತಪ್ಪು ನನ್ನದೇ. ಪುಸ್ತಕದಲ್ಲಿದ್ದಷ್ಟೇ ದಿನ ಮುಚ್ಚಿಡಲು ಹೇಳಿದ್ದೆ, ಆದರೆ ಅದು ಸುಡು ಬೇಸಿಗೆ. ಮುಚ್ಚಿದ್ದ ತಾಡಪತ್ರಿ ಎತ್ತಿದಾಗ ಹಳಸಿದ ಅಂಬಲಿಯ ವಾಸನೆ ಬಂತು. ಆರು ಹೆಂಗಸರೂ ನನ್ನನ್ನೇ ನೋಡುತ್ತ ನಿಂತರು. ನನಗೆ ನೆಲ ಬಾಯಿ ಬಿಡಬಾರದೇ ಎನಿಸಿತು.

"ಪುಸ್ತಕ ಬರದಾವ ಥಂಡ್ಯಾಗ ಕುಂತ ಬರದಾನೇನ?" ಎಂದಳು ಅವ್ವ. ಕಾಕುವಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು, ನಾನೂ ನಕ್ಕೆ.

ಎರಡನೆಯ ಸಲ ದಿನಗಳ ಲೆಕ್ಕವನ್ನು ಅವ್ವನಿಗೇ ಬಿಟ್ಟೆ. ಅವಳು ಬೆಳಗ್ಗೆ, ಸಂಜೆ ಟ್ರೇಗಳ ನಡುವೆ ಕೈ ತೂರಿಸಿ, ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವಂತೆ ಕಾವು ನೋಡುತ್ತಿದ್ದಳು. ಮೂರನೆಯ ದಿನಕ್ಕೇ "ಸಾಕು, ತಗೀರಿ" ಎಂದಳು. ಕಣ್ಣುಗಳೆಲ್ಲ ಬೆಳ್ಳಗೆ ಒಡೆದಿದ್ದವು. ತಿಂಗಳು ಕಳೆದಾಗ ಆ ನೆರಳಿನಲ್ಲಿ ಗೇಣುದ್ದದ ಹಸಿರು ನಿಂತಿತ್ತು. ನಾನು ಆ ದಿನಗಳ ಸಂಖ್ಯೆಯನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಈಗ ಹುಕ್ಕೇರಿಯ ರೈತರಿಗೆ ಬೇಸಿಗೆಯಲ್ಲಿ ಅದನ್ನೇ ಹೇಳುತ್ತೇನೆ.

ಕಾಕು ಸೊಸೆಯ ಬಾಣಂತನಕ್ಕೆಂದು ಹೋದವಳು ತಿರುಗಿ ಬರಲಿಲ್ಲ, ಇನ್ನೊಬ್ಬಳು ಬಂದಳು. ಸಸಿಗೆ ಗಿರಾಕಿ ಇಲ್ಲದ ತಿಂಗಳುಗಳಲ್ಲಿ ಅವ್ವ ಈಗಲೂ ಕರೆದವರ ಹೊಲಕ್ಕೆ ಕಳೆಗೆ ಹೋಗುತ್ತಾಳೆ. ಬೇಡವೆಂದರೆ ಕೇಳುವುದಿಲ್ಲ. ಹೆಂಗಸರ ಜೊತೆ ಸಾಲು ಹಿಡಿಯದಿದ್ದರೆ ಊರ ಸುದ್ದಿ ತಿಳಿಯುವುದಿಲ್ಲವಂತೆ.

ಕಳೆದ ತಿಂಗಳು ಹಿಡಕಲ್ ಕಡೆಯ ರೈತರೊಬ್ಬರು ನನಗೆ ಫೋನ್ ಮಾಡಿ ದೂರಿದರು. "ಮೇಡಮ್ಮಾರ, ನೀವು ಹೇಳಿದ್ರಿ ಅಂತ ಕುಲಗೋಡಕ್ಕ ಗಾಡಿ ತಗೊಂಡ ಬಂದೇನ್ರಿ. ಇಲ್ಲಿ ಒಬ್ಬಾಕಿ ಸಸಿ ಕೊಡಾಂಗಿಲ್ಲ ಅಂತಾಳ್ರಿ." ಅವ್ವನ ಕೈಗೆ ಫೋನ್ ಕೊಡಿಸಿ ವಿಚಾರಿಸಿದೆ. ಅವರು ಇನ್ನೂ ಹೊಲ ಹದ ಮಾಡಿ ಸಸಿ ನೆಡಲು ಸಾಲು ಬಿಟ್ಟೇ ಇರಲಿಲ್ಲ. "ಇವತ್ತ ಒಯ್ದ ಎಲ್ಲಿ ಇಡತಾರ? ಕಟ್ಟೀ ಮ್ಯಾಲ ಒಣಗಸಾಕ ಬೆಳಸೇವೇನ? ಸಾಲ ಬಿಟ್ಟ ಬರ್ರಿ ಅಂದೇನಿ" ಎಂದಳು. ನಾನು ಆ ರೈತರಿಗೆ ಸಮಾಧಾನ ಹೇಳಿ, ಅವಳ ಮಾತನ್ನೇ ಕೇಳಿ ಎಂದೆ. ಖಾಲಿ ಗಾಡಿಯಲ್ಲಿ ವಾಪಸು ಹೋದರು.

ವಾರದ ನಂತರ ಭಾನುವಾರ ನಾನು ಊರಲ್ಲಿದ್ದಾಗ ಅವರು ಮತ್ತೆ ಬಂದರು. ಇಳಿದವರೇ ಮೊಬೈಲಿನಲ್ಲಿ ಹೊಲದ ಫೋಟೊ ತೋರಿಸಿದರು. ಅವ್ವ ಅದನ್ನು ಬೆರಳಿನಿಂದ ದೊಡ್ಡದು ಮಾಡಿ, ಸಾಲು ಸಾಲಾಗಿ ಸರಿಸಿ ನೋಡಿದಳು. ಆಮೇಲೆ ಫೋನ್ ತಿರುಗಿ ಕೊಟ್ಟು, "ಛಲೋ ಬಿಟ್ಟೀರಿ" ಎಂದವಳೇ ಹೆಂಗಸರಿಗೆ ಟ್ರೇ ಎತ್ತಲು ಹೇಳಿದಳು. ನಾನು ಸುಮ್ಮನೆ ನಿಂತಿದ್ದು ಕಂಡು, ನನಗೂ ಅದನ್ನೇ ಹೇಳಿದಳು.