ಸರಿಸದ ತಾಮ್ರದ ಬಿಲ್ಲೆ

ಕೊಚ್ಚಿಯ ಕಲೂರಿನ ಸಭಾಂಗಣವೊಂದರಲ್ಲಿ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು ಮೂರು ಶಿಖರಗಳ ರೇಖಾಚಿತ್ರವೊಂದನ್ನು ತೋರಿಸಿ, ಮೂರನೆಯದನ್ನು ಹೊಸ ಶೋಧವೆಂದು ಸಾರಿದರು. ಅದು ಶೋಧವಲ್ಲ, ಹಾನಿ ಎಂದು ನಾನು ಎದ್ದು ನಿಂತು ಹೇಳಿದೆ. ಅಂದು ಯಾರು ನಕ್ಕರು, ಯಾವ ಸಾಲಿನಲ್ಲಿ ಕುಳಿತು ನಕ್ಕರು ಎಂಬುದನ್ನು ಇಂದಿಗೂ ಹೇಳಬಲ್ಲೆ.

ತಿರುವನಂತಪುರದ ನಮ್ಮ ಪ್ರಯೋಗಾಲಯದಲ್ಲಿ, ಗಾಳಿಯನ್ನೆಲ್ಲ ಹೀರಿ ತೆಗೆದ ಉಕ್ಕಿನ ಪಾತ್ರೆಯೊಳಗೆ, ತಾಮ್ರದ ಸಣ್ಣ ಬಿಲ್ಲೆಯ ಮೇಲೆ ಅಡಿನೀನ್ ಎಂಬ ಡಿಎನ್‌ಎ ಘಟಕವನ್ನು ಒಂದೇ ಪದರವಾಗಿ ಕೂರಿಸಿ ಎಕ್ಸ್-ರೇ ಹಾಯಿಸುತ್ತಿದ್ದೆವು. ಹೊರಚಿಮ್ಮುವ ಎಲೆಕ್ಟ್ರಾನುಗಳ ಶಕ್ತಿಯನ್ನು ಅಳೆದು ರೇಖಾಚಿತ್ರ ಬರೆದರೆ, ಅದರ ಶಿಖರಗಳಿಂದ ಆ ಅಣು ತಾಮ್ರವನ್ನು ಹೇಗೆ ಹಿಡಿದುಕೊಂಡಿದೆ ಎಂಬುದು ತಿಳಿಯುತ್ತದೆ. ಆದರೆ ನೋಡುವ ಕಿರಣವೇ ಅಣುವನ್ನು ಮುರಿಯುತ್ತದೆ. ಆದ್ದರಿಂದ ಸ್ವಲ್ಪ ಅಳೆದು, ಬಿಲ್ಲೆಯನ್ನು ತುಸು ಸರಿಸಿ, ಕಿರಣ ಬೀಳದ ಹೊಸ ಜಾಗದಲ್ಲಿ ಮತ್ತೆ ಅಳೆಯಬೇಕು. ನನ್ನ ಅಳತೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕಿಲ್ಲ ಎಂಬ ಹೆಸರೊಂದೇ ನನ್ನ ವೃತ್ತಿಯ ಗಳಿಕೆ. ಅದು ನಿಂತಿದ್ದುದು ಈ ಸರಿಸುವಿಕೆಯ ಮೇಲೆ. ಮುಖ್ಯಸ್ಥರಿಗೆ ಮಾತ್ರ ಆತುರ. ನಾನು ರಜೆಯಲ್ಲಿದ್ದ ವಾರ, ಬಿಲ್ಲೆಯನ್ನು ಸರಿಸದೆ ದಿನವಿಡೀ ಅಳೆದು ಎಲ್ಲವನ್ನೂ ಕೂಡಿಸುವಂತೆ ನಮ್ಮ ಸಂಶೋಧನಾ ವಿದ್ಯಾರ್ಥಿನಿಗೆ ಆಜ್ಞಾಪಿಸಿದರು. ಮೂರನೆಯ ಶಿಖರ ಹುಟ್ಟಿದ್ದು ಹಾಗೆ, ಮುರಿದ ಅಣುಗಳಿಂದ.

"ಚೇಚಿ ಮನೆಯಲ್ಲಿ ದೋಸೆ ಹುಯ್ಯುವಾಗಲೂ ಕಾವಲಿಯನ್ನು ಸರಿಸುತ್ತಲೇ ಇರುತ್ತಾರೋ ಏನೋ!" ಎಂದರು ಮುಖ್ಯಸ್ಥರು ಕೊಚ್ಚಿಯ ಆ ವೇದಿಕೆಯಿಂದ, ಮಲಯಾಳದಲ್ಲಿ, ನನ್ನನ್ನು ಅಕ್ಕನೆಂದು ಕರೆದು.

"ಒಂದೇ ದೋಸೆಯನ್ನು ಸಂಜೆಯವರೆಗೂ ಕಾಯಿಸಿದರೆ, ಸೀದ ಕರಕೂ ಹೊಸ ಪದಾರ್ಥದಂತೆ ಕಾಣುತ್ತದೆ ಸರ್," ಎಂದೆ. ಇದಕ್ಕೆ ಯಾರೂ ನಗಲಿಲ್ಲ.

ಆ ವಿದ್ಯಾರ್ಥಿನಿ ಧಾರವಾಡದವಳು. ಅವಳಿಗೆ ಮುಖ್ಯಸ್ಥರು ಮಾರ್ಗದರ್ಶಕರು, ನಾನು ಸಹಮಾರ್ಗದರ್ಶಕಿ. ಅಷ್ಟು ದೊಡ್ಡ ಕಟ್ಟಡದಲ್ಲಿ ನನ್ನೊಡನೆ ಕನ್ನಡದಲ್ಲಿ ಮಾತನಾಡುತ್ತಿದ್ದವಳು ಅವಳೊಬ್ಬಳೇ. ಅವಳಿಗಾಗಿ ಜೋಳದ ಹಿಟ್ಟು ಹುಡುಕುತ್ತ ಚಾಲೈ ಪೇಟೆಯ ಅಂಗಡಿಗಳನ್ನೆಲ್ಲ ಅಲೆದಿದ್ದೇನೆ. ರಜೆ ಮುಗಿಸಿ ಬಂದ ದಿನವೇ ಅವಳನ್ನು ಕೂರಿಸಿಕೊಂಡು, ಬಿಲ್ಲೆ ಸರಿಸಿ ಎಲ್ಲವನ್ನೂ ಮತ್ತೆ ಅಳೆಯಬೇಕೆಂದು ಹೇಳಿದ್ದೆ. "ಹೂಂ ರೀ ಮೇಡಂ," ಎಂದಿದ್ದಳು. ಆದರೆ ಅವಳ ಪಿಎಚ್‌.ಡಿ. ಪ್ರಬಂಧದಲ್ಲಿ ಹಳೆಯ ಅಳತೆಯೇ ಉಳಿಯಿತು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಪರೀಕ್ಷಕರು ಮೊದಲು ಕೇಳಿದ್ದೇ ಅದನ್ನು: "ಬಿಲ್ಲೆಯನ್ನು ಸರಿಸಿದ್ದಿರಾ?"

"ಅಳತೆಯ ಹೊಣೆ ಇವರದು," ಎಂದು ಮುಖ್ಯಸ್ಥರು ನನ್ನತ್ತ ಕೈ ತೋರಿದರು.

ಸರಿಸಲು ನಾನು ಸ್ಪಷ್ಟವಾಗಿ ಹೇಳಿದ್ದೆನೆಂದೆ. "ಹಾಗಾದರೆ ವಿದ್ಯಾರ್ಥಿನಿಯೇ ಹೇಳಲಿ," ಎಂದರು ಮುಖ್ಯಸ್ಥರು, ನಗುತ್ತ.

ಅವಳು ನನ್ನನ್ನು ನೋಡಲಿಲ್ಲ. ಮೇಡಂ ಹಾಗೆ ಹೇಳಿದ ನೆನಪು ತನಗಿಲ್ಲವೆಂದು ಇಂಗ್ಲಿಷಿನಲ್ಲಿ, ತೊದಲದೆ ಹೇಳಿದಳು.

ಮರು ಅಳತೆಯ ಷರತ್ತಿನೊಂದಿಗೆ ಪ್ರಬಂಧ ತೇರ್ಗಡೆಯಾಯಿತು. ಬಿಲ್ಲೆಯನ್ನು ಸರಿಸಿ ಅಳೆದಾಗ ಮೂರನೆಯ ಶಿಖರ ಇರಲಿಲ್ಲ. ಆ ಶಿಖರದ ಬಗ್ಗೆ ಆಗಲೇ ಪ್ರಕಟವಾಗಿದ್ದ ನಮ್ಮ ಲೇಖನಕ್ಕೆ ಮುಖ್ಯಸ್ಥರು ಪತ್ರಿಕೆಗೆ ಕಳುಹಿಸಿದ ತಿದ್ದುಪಡಿಯಲ್ಲಿ "ಅಳತೆಯ ಹಂತದ ಲೋಪ" ಎಂದು ಬರೆದರು. ಅಳತೆಯ ಹಂತಕ್ಕೆ ಲೇಖನದಲ್ಲಿ ಇದ್ದುದು ನನ್ನ ಹೆಸರು. ನಾನು ನಿವೃತ್ತಳಾದೆ. ಈಗ ಅಲ್ಲಿನ ಹೊಸಬರಿಗೆ ಎಚ್ಚರಿಕೆಯ ಉದಾಹರಣೆಯಾಗಿ ನನ್ನ ಹೆಸರನ್ನು ಹೇಳುತ್ತಾರಂತೆ.

ಪದವಿ ಪಡೆದ ಮೇಲೆ ಅವಳು ಪಟ್ಟಂನಲ್ಲಿರುವ ನನ್ನ ಮನೆಗೆ ಬಂದಳು, ಡಬ್ಬಿಯ ತುಂಬ ಜೋಳದ ರೊಟ್ಟಿ ಹಿಡಿದು.

"ಸಿಟ್ಟು ಮಾಡ್ಕೋಬ್ಯಾಡ್ರಿ ಮೇಡಂ. ಅವತ್ತು ನಾ ಬಾಯಿ ಬಿಟ್ಟಿದ್ರ ನನ್ನ ಥೀಸಿಸ್ ಅಲ್ಲೇ ನಿಂದರ್ತಿತ್ರಿ. ಸರ್ ಸಹಿನೇ ಹಾಕ್ತಿದ್ದಿಲ್ಲ. ನೀವಾದ್ರೂ ಹ್ಯಾಂಗಿದ್ರೂ ರಿಟೈರ್ ಆಗೋರಿದ್ರಿ..."

ಈಗ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ನನಗೆ ಹೆಚ್ಚು ಕಹಿಯಾಯಿತು. ಡಬ್ಬಿಯನ್ನು ಅಡುಗೆಮನೆಗೆ ಒಯ್ದು, ರೊಟ್ಟಿಗಳನ್ನು ತಟ್ಟೆಗೆ ಹಾಕಿ, ಡಬ್ಬಿಯನ್ನು ತೊಳೆದು ಒರೆಸಿದೆ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು, ಒಂದು ಚಮಚ ಸಕ್ಕರೆಯನ್ನಾದರೂ ಹಾಕಬೇಕು ಎಂಬುದು ನಮ್ಮಲ್ಲಿ ಚಿಕ್ಕಂದಿನಿಂದ ಕಲಿತ ನಡೆ. ಸಕ್ಕರೆಯ ಭರಣಿ ಕೈಗೆಟುಕುವಲ್ಲಿಯೇ ಇತ್ತು.

ಬರಿದಾದ ಡಬ್ಬಿಯನ್ನು ಅವಳ ಕೈಗೆ ಕೊಟ್ಟು, ಬಂದುದಕ್ಕೆ ಧನ್ಯವಾದವೆಂದು ಹೇಳಿದೆ, ಇಂಗ್ಲಿಷಿನಲ್ಲಿ. ಅವಳು ಮುಚ್ಚಳ ತೆರೆದು ನೋಡಿದಳು. ಮತ್ತೆ ಮುಚ್ಚಿ, ಮೆಟ್ಟಿಲಿಳಿದು ಹೋದಳು.