ತಾಲೀಮಿನ ಮಣ್ಣಿಗೆ ನಮ್ಮ ಮನೆಯ ಎಣ್ಣೆ

ನಾವು ಆಳಂದಕ್ಕೆ ಬಂದಾಗ ನನಗೆ ಹಾಲುಹಲ್ಲು ಬೀಳುವ ವಯಸ್ಸು. ಸೊಲ್ಲಾಪುರದ ಕಡೆ ಅಪ್ಪನಿಗೂ ದೊಡ್ಡಪ್ಪನಿಗೂ ಸೇರಿ ಒಂದೇ ಎಣ್ಣೆಗಾಣವಿತ್ತು. ಅದರಿಂದ ಎರಡು ಮನೆಯ ಒಲೆ ಉರಿಯುವುದಿಲ್ಲ ಎಂದು ತಿಳಿದ ಮೇಲೆ ಅಪ್ಪ ಒಂದು ಎತ್ತು ಹೊಡೆದುಕೊಂಡು ಗಡಿ ದಾಟಿ ನಿಜಾಮನ ಸೀಮೆಗೆ ಬಂದ. ಗಡಿಯ ಆಚೆಯೂ ಜೋಳದ ಹೊಲ, ಈಚೆಯೂ ಜೋಳದ ಹೊಲ. ಆದರೆ ಆಳಂದದ ಬಾಯಲ್ಲಿ ನಾವು ‘ಗಡಿ ಆಚಿನವರು’.

ನಮ್ಮದೇ ಜಾತಿಯ ಗಾಣಿಗರ ಓಣಿಯಲ್ಲಿ ಮನೆ ಮಾಡಿದೆವು. ಒಲೆಗೆ ಬೆಂಕಿ ಕೇಳಿದರೆ ಕೊಡುತ್ತಿದ್ದರು. ಮದುವೆಗೆ ಕರೆದು ಪಂಕ್ತಿಯ ಕೊನೆಗೆ ಕೂರಿಸುತ್ತಿದ್ದರು. ಹೆಣ್ಣು ಕೊಡುವ, ತರುವ ಮಾತು ಎತ್ತಿದರೆ ಮಾತ್ರ ಎಲ್ಲರಿಗೂ ಕೆಮ್ಮು ಬರುತ್ತಿತ್ತು.

“ಈ ಊರಾಗ ಒಂದು ಮನಿ ನಮ್ಮ ಹುಡುಗಿನ್ನ ಸೊಸಿ ಮಾಡ್ಕೊಳ್ಳೋತನಕ ನಾವು ಛತ್ರದಾಗ ಇದ್ದಂಗ,” ಎನ್ನುತ್ತಿದ್ದಳು ಅವ್ವ. ಆ ಹುಡುಗಿ ನಾನು.

ಓಣಿಯ ಹಿರಿಯನೇ ತಾಲೀಮಿನ ವಸ್ತಾದ. ತಾಲೀಮು ಎಂದರೆ ಕುಸ್ತಿ ಕಲಿಸುವ ಮನೆ, ವಸ್ತಾದ ಅಲ್ಲಿಯ ಗುರು. ನಮ್ಮದು ಕರಿನೆಲ, ಅಖಾಡಕ್ಕೆ ಕೆಂಪು ಮಣ್ಣನ್ನು ದೂರದಿಂದ ಬಂಡಿಯಲ್ಲಿ ತರಿಸಿದ್ದರು. ಆ ಮಣ್ಣನ್ನು ಮಾತ್ರ ಯಾರೂ ನಿನ್ನದು ಯಾವ ಊರು ಎಂದು ಕೇಳಲಿಲ್ಲ. ಅದಕ್ಕೆ ಮಜ್ಜಿಗೆ, ಅರಿಸಿನ, ಎಣ್ಣೆ ಹಾಕಿ ಹದ ಮಾಡಬೇಕು. ಎಣ್ಣೆ ನಮ್ಮ ಗಾಣದ್ದು. ಅಪ್ಪ ಕೇಳುವ ಮೊದಲೇ ಗಡಿಗೆ ಹೊತ್ತುಕೊಂಡು ಹೋಗಿ ಕೊಡುತ್ತಿದ್ದ. ಎಣ್ಣೆಯ ಹಿಂದೆ ಅಣ್ಣನನ್ನೂ ಕಳಿಸಿದ.

ಅಣ್ಣ ಎತ್ತಿನಂಥ ಆಳು. ಮನೆಯ ಹಾಲೆಲ್ಲ ಅವನಿಗೆ, ಮಜ್ಜಿಗೆ ನೀರು ನನಗೆ. ಮಣ್ಣಿಗಿಳಿದವರಿಗೆ ಜಾತಿಯಿಲ್ಲ, ಊರಿಲ್ಲ ಎಂದು ವಸ್ತಾದ ಹೇಳುತ್ತಿದ್ದನಂತೆ. ಅದು ಒಳಗಿನ ಮಾತು. ಹೊರಗೆ ಬಂದು ಮೈ ತೊಳೆದುಕೊಂಡರೆ ಆ ಮಾತೂ ತೊಳೆದುಹೋಗುತ್ತಿತ್ತು. ಆದರೂ ಅಣ್ಣ ಅಫಜಲಪುರದಲ್ಲಿ ಗೆದ್ದು ಬಂದಾಗ ಹಲಗೆ ಬಾರಿಸುತ್ತ ಕರೆತಂದರು. ‘ನಮ್ಮ ಪೈಲ್ವಾನ’ ಎಂದರು. ಅವ್ವ ಅದೇ ಹದ ನೋಡಿ ವಸ್ತಾದನ ಮನೆಗೆ ಹೋಗಿ ಅವನ ಕಿರಿಮಗನಿಗೆ ನನ್ನನ್ನು ಕೇಳಿದಳು.

“ಪಂಚಮಿ ಕುಸ್ತಿ ಆಗ್ಲಿ ತಂಗಿ,” ಎಂದ ವಸ್ತಾದ. “ನಿನ್ನ ಮಗ ನಮ್ಮ ಊರಿನ ಮಾನ ಕಾಯ್ಲಿ. ಮರುದಿನಾನೇ ಸಕ್ಕರಿ ಹಂಚೋಣು.”

ಸಕ್ಕರೆ ಹಂಚಿದರೆ ಮದುವೆ ಗೊತ್ತಾದಂತೆ. ಅವ್ವ ಆಗಲೇ ನನಗೆ ಸೀರೆಯ ಸೆರಗು ತಲೆಯ ಮೇಲೆ ಹೊದ್ದು ನಡೆಯುವುದನ್ನು ಕಲಿಸತೊಡಗಿದಳು.

ನಾಗರ ಪಂಚಮಿಯ ದಿನ ಹೆಂಗಸರೆಲ್ಲ ಮಾಳಿಗೆ ಹತ್ತಿ ನೋಡುತ್ತಿದ್ದೆವು. ಎದುರಾಳಿ ಗಡಿ ಆಚೆಯಿಂದ ಬಂದಿದ್ದ. ನಾನು ಗುರುತು ಹಿಡಿಯಲಿಲ್ಲ, ಅವ್ವ ಹಿಡಿದಳು. “ಅಯ್ಯ, ನಿಮ್ಮ ದೊಡ್ಡಪ್ಪನ ಮಗ ಅಲ್ಲೇನು ಬೇ ಅಂವಾ!” ಎಂದು ನನ್ನ ತೋಳು ಚಿವುಟಿದಳು.

ಕುಸ್ತಿಗೆ ಮೊದಲು ಇಬ್ಬರೂ ಒಂದು ಹಿಡಿ ಮಣ್ಣು ಅದಲುಬದಲು ಮಾಡಿಕೊಂಡು ಕೈ ಹಿಡಿಯುವುದು ಪದ್ಧತಿ. ಅಣ್ಣ ಮಣ್ಣು ತೆಗೆದುಕೊಂಡ, ಕೊಟ್ಟ, ಆಮೇಲೆ ಬಗ್ಗಿ ಎದುರಾಳಿಯ ಕಾಲು ಮುಟ್ಟಿದ. ನಮ್ಮ ಮನೆಯಲ್ಲಿ ಹಬ್ಬದ ದಿನ ಕಿರಿಯರು ಹಿರಿಯರ ಕಾಲು ಮುಟ್ಟದೆ ನೀರು ಕುಡಿಯುವುದಿಲ್ಲ. ಅದನ್ನು ಅಖಾಡದಲ್ಲಿ, ಊರೆಲ್ಲ ನೋಡುತ್ತಿರುವಾಗ ಮಾಡಿದ.

“ಏ ಪೈಲ್ವಾನ, ಕುಸ್ತಿ ಆಡಾಕ ಬಂದಿಯೋ, ಬೀಗರ ಮನಿ ಊಟಕ್ಕ ಬಂದಿಯೋ?” ಎಂದು ಯಾರೋ ಕೂಗಿದರು. ಜನ ನಕ್ಕಿತು. ವಸ್ತಾದ ನಗಲಿಲ್ಲ.

ಬಹಳ ಹೊತ್ತು ಹಿಡಿದಾಡಿದರು. ಕೊನೆಗೆ ಅಣ್ಣ ಅವನನ್ನು ಬೆನ್ನ ಮೇಲೆ ಎತ್ತಿ ಒಗೆದ. ಬಿದ್ದವನ ಭುಜದ ಕೀಲು ಸರಿಯಿತು. ಅವನು ಕಿರುಚಿದ್ದು ಮಾಳಿಗೆಯವರೆಗೆ ಕೇಳಿಸಿತು. ಹಲಗೆ ಬಾರಿಸಲಿಲ್ಲ. ಗೆದ್ದವನ ತಲೆಗೆ ವಸ್ತಾದ ರುಮಾಲು ಸುತ್ತಬೇಕು, ಅವನು ಅದನ್ನು ಅಣ್ಣನ ಕೈಗೆ ಕೊಟ್ಟು ಹೊರಟುಹೋದ.

ಸಂಜೆಯೊಳಗೆ ಎದುರಾಳಿ ನಮ್ಮ ದೊಡ್ಡಪ್ಪನ ಮಗ ಎಂಬ ಸುದ್ದಿ ಓಣಿಯೆಲ್ಲ ಹಬ್ಬಿತ್ತು. ಮರುದಿನ ಅವ್ವ ನನ್ನನ್ನೂ ಕರೆದುಕೊಂಡು ವಸ್ತಾದನ ಮನೆಗೆ ಹೋದಳು.

“ಸಕ್ಕರಿ ಮಾತು ಅಂದಿದ್ರಿ ಅಣ್ಣಾರ. ಹುಡುಗ ಗೆದ್ದಾನಲ್ರಿ.”

“ಗೆದ್ದಾನಂತ ಯಾರಂದ್ರು? ಆ ಕಡಿ ಅಣ್ಣ ಬಿದ್ದು ಕೊಟ್ಟಾನ, ಈ ಕಡಿ ತಮ್ಮ ತೊಗೊಂಡಾನ. ನಿಮ್ಮ ಮನಿ ಆಟ ನೀವು ಆಡಿದ್ರಿ, ನಾವು ನೋಡಿದ್ವಿ.”

“ಬಿದ್ದು ಕೊಡಾಂವ ಭುಜ ಮುರ್ಕೋತಾನೇನ್ರಿ?”

“ಭುಜದ ಮಾತಲ್ಲ ತಂಗಿ. ಕಾಲು ಯಾವ ಕಡಿ ಎಳೀತದಂತ ಕಂಡ್ವಿ. ನಾಳೆ ನಿನ್ನ ಮಗಳೂ ಆ ಕಡೀನೇ ನೋಡ್ತಾಳ.”

ಸೋತಿದ್ದರೆ ಊರನ್ನು ಮಾರಿದ ಎನ್ನುತ್ತಿದ್ದರು. ಗೆದ್ದಿದ್ದಕ್ಕೆ ಇದು. ಅತ್ತ ದೊಡ್ಡಪ್ಪ, ಅಖಾಡದಲ್ಲಿ ತನ್ನ ಮಗನ ಭುಜ ಮುರಿದವನ ಮುಖ ನೋಡುವುದಿಲ್ಲ ಎಂದು ಹೇಳಿ ಕಳಿಸಿದ. ಆ ಮನೆಯ ಬಾಗಿಲೂ ಮುಚ್ಚಿತು.

ಇಷ್ಟಾದ ಮೇಲೆ ತಾಲೀಮು ನಮ್ಮನ್ನು ಬಿಟ್ಟಿತೇ? ಇಲ್ಲ. ಜಿಡಗಾದಲ್ಲಿ ಕುಸ್ತಿ ಬಂತು, ವಸ್ತಾದ ಆಳು ಕಳಿಸಿದ, ಅಣ್ಣ ಲಂಗೋಟಿ ಹುಡುಕತೊಡಗಿದ.

“ನಾಚಿಕಿ ಇಲ್ಲೇನು ನಿನಗ?” ಎಂದೆ.

“ಮಣ್ಣು ಬಿಟ್ಟು ಇರಾಕ ಆಗಂಗಿಲ್ಲವ್ವಾ,” ಎಂದ.

ಅಪ್ಪನೂ ಎಣ್ಣೆ ಕೊಡುವುದನ್ನು ನಿಲ್ಲಿಸಲಿಲ್ಲ. ವಸ್ತಾದನ ಕಿರಿಮಗನ ಮದುವೆ ಅದೇ ಓಣಿಯ ಹುಡುಗಿಯ ಜೊತೆ ಆಯಿತು. ಆ ಅಡುಗೆಗೂ ನಮ್ಮ ಎಣ್ಣೆಯೇ. ಅಣ್ಣ ಚಪ್ಪರ ಹಾಕಿದ. ನಾನು ಉಣ್ಣಲು ಹೋಗಲಿಲ್ಲ. ಯಾರೂ ಕೇಳಲೂ ಇಲ್ಲ.

ನನ್ನನ್ನು ಜೇವರ್ಗಿಗೆ, ಹೆಂಡತಿ ಸತ್ತವನಿಗೆ ಕೊಟ್ಟರು. ಹೊಸದರಲ್ಲಿ ಬಾವಿಗೆ ಹೋದಾಗ ಕೊಡ ಹೊತ್ತ ಹೆಂಗಸರು ದಾರಿ ಬಿಟ್ಟು ನಿಂತು ತಮ್ಮೊಳಗೆ ಮಾತಾಡಿಕೊಂಡರು.

“ಯಾರು ಬೇ ಈಕಿ?”

“ಆಳಂದದಾಕಿ.”

ಆಳಂದದಲ್ಲಿ ಅಷ್ಟು ವರ್ಷ ಇದ್ದೆ. ಅಲ್ಲಿ ಒಬ್ಬರೂ ನನ್ನನ್ನು ಹಾಗೆ ಕರೆದಿರಲಿಲ್ಲ.