ಕಲ್ಲು ಆರಿಸಿದ ಸಿದ್ದಲಿಂಗಸ್ವಾಮಿ ಮೇಷ್ಟ್ರು

ಕುವೆಂಪುನಗರದ ಸಿದ್ದಲಿಂಗಸ್ವಾಮಿ ಮೇಷ್ಟ್ರ ಗೇಟಿನ ನಾಮಫಲಕ ನೋಡಿದವರಿಗೆ, ಬರೆದವನು ಕುಡಿದಿದ್ದನೇನೋ ಅನಿಸುತ್ತಿತ್ತು. ಹೆಸರು ಪೂರ್ತಿ ಬಲಕ್ಕೆ ಸರಿದು ಕೂತಿತ್ತು, ಎಡಗಡೆ ಖಾಲಿ. ಬರೆದ ಜವರಯ್ಯನ ತಪ್ಪೇನೂ ಇರಲಿಲ್ಲ, ಪಾಪ. ಮುಂದೆ ‘ಡಾ.’ ಸೇರಿಸಲು ಜಾಗ ಬಿಡಿಸಿದ್ದವರು ಮೇಷ್ಟ್ರೇ. ಅದೂ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದ ವಾರವೇ! ಇನ್ನೂ ಒಂದು ಸಾಲು ಬರೆದಿರಲಿಲ್ಲ ಮಹಾನುಭಾವರು.

ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದರೂ ಅವರು ಬೆಳೆದದ್ದು ಮಂಡಿ ಮೊಹಲ್ಲಾದ ಅಕ್ಕಿ ಅಂಗಡಿಯಲ್ಲಿ. ತಂದೆ ಚನ್ನಬಸವಯ್ಯನವರ ಅಕ್ಕಿಯಲ್ಲಿ ಹುಡುಕಿದರೂ ಕಲ್ಲು ಸಿಗದು ಎಂದು ಗಿರಾಕಿಗಳು ಹೊಗಳುತ್ತಿದ್ದರು. ಆ ಕಲ್ಲು ಆರಿಸುತ್ತಿದ್ದವನು ಮಗ. ಒಳ್ಳೆಯದೇ. ಆದರೆ ಪುಣ್ಯಾತ್ಮರು ಆಮೇಲೆ ಲೋಕದಲ್ಲಿ ಕಂಡದ್ದನ್ನೆಲ್ಲ ಮೊರಕ್ಕೆ ಹಾಕಿ ಕೇರತೊಡಗಿದರು.

ಸೂರ್ಯನಿಂದ ವಿದ್ಯುತ್ ತುಂಬಿದ ಕಣಗಳ ಗಾಳಿ ಬೀಸುತ್ತಲೇ ಇರುತ್ತದೆ. ಭೂಮಿಯ ಕಾಂತಕ್ಷೇತ್ರ ಅದಕ್ಕೆ ಅಡ್ಡ ನಿಂತಿದೆ. ಎರಡೂ ಎದುರಾಗುವ ಕಡೆ, ಕನ್ನಂಬಾಡಿ ಕಟ್ಟೆಯ ತೂಬು ತೆಗೆದಾಗ ಕೆಳಗಿನ ನೀರು ಹೇಗೋ ಹಾಗೆ, ಎಲ್ಲವೂ ಕದಡಿಹೋಗಿರುತ್ತದೆ. ಆ ಕದಡಿನೊಳಗೆ ಕಾಂತಬಲದ ಸಣ್ಣಸಣ್ಣ ರಚನೆಗಳು ಇವೆಯೇ ಎಂಬುದು ಮೇಷ್ಟ್ರ ಪ್ರಬಂಧದ ವಿಷಯ. ೨೦೦೨ರ ಸುಮಾರಿಗೆ, ಅಲ್ಲಿ ಜೊತೆಯಾಗಿ ಹಾರುತ್ತಿದ್ದ ನಾಲ್ಕು ಉಪಗ್ರಹಗಳ ಅಳತೆಗಳು ಸಿ.ಡಿ.ಯಲ್ಲಿ ಕೈಗೆ ಬಂದವು. ಗ್ರಾಫು ತೆಗೆದರೆ ಗೆರೆಯಲ್ಲಿ ಅಲ್ಲಲ್ಲಿ ಗುಂಡಿ. ಕೆಲವೇ ಸೆಕೆಂಡು ಕಾಂತಬಲ ತಟ್ಟನೆ ಕುಸಿದು ಮತ್ತೆ ಮೇಲೇಳುತ್ತಿತ್ತು.

“ಥೂ, ಕಸ!” ಎಂದರು ಮೇಷ್ಟ್ರು. ಒಂದೊಂದೇ ಗುಂಡಿ ಅಳಿಸಿ, ಆ ದಡದಿಂದ ಈ ದಡಕ್ಕೆ ನೆಟ್ಟಗೆ ಗೆರೆ ಎಳೆಯುತ್ತ ಕೂತರು.

ಅವರ ಬಳಿ ಪ್ರಾಜೆಕ್ಟ್ ಮಾಡುತ್ತಿದ್ದ ಎಂ.ಎಸ್ಸಿ. ವಿದ್ಯಾರ್ಥಿನಿ ಭಾನುಪ್ರಿಯಾಗೆ ತಡೆಯಲಾಗಲಿಲ್ಲ. “ಕಸ ಅಲ್ಲ ಅನ್ಸುತ್ತೆ ಸರ್. ನಾಲ್ಕರಲ್ಲೂ ಇದೆ.”

“ಇರ್ದೆ ಇನ್ನೇನು? ಒಂದೇ ಮಿಲ್ಲಿನ ನಾಲ್ಕು ಮೂಟೆ ಕಣಮ್ಮ ಅವು. ಒಂದ್ರಲ್ಲಿ ಕಲ್ಲಿದ್ರೆ ನಾಲ್ಕರಲ್ಲೂ ಕಲ್ಲು.”

“ಒಟ್ಟಿಗೆ ಬರಲ್ಲ ಸರ್. ಒಂದರಲ್ಲಿ ಬಂದು, ಸ್ವಲ್ಪ ಹೊತ್ತಿಗೆ ಇನ್ನೊಂದರಲ್ಲಿ, ಹಂಗೇ ಸಾಲಾಗಿ. ಏನೋ ಅವುಗಳನ್ನ ದಾಟ್ಕೊಂಡು ಹೋಗ್ತಿದೆ.”

“ನಂಗೇ ಕಲ್ಲು ತೋರಿಸ್ಕೊಡ್ತೀಯಾ? ಅಕ್ಕೀಲೇ ಹುಟ್ಟಿದೋನು ನಾನು!”

ಭಾನುಪ್ರಿಯಾ ಬೇರೆ ವಿಷಯ ಹಿಡಿದು ಪಾಸಾಗಿ ಹೋದಳು. ಮೇಷ್ಟ್ರು ಇಸ್ತ್ರಿ ಮಾಡಿದ ಪಂಚೆಯಂಥ ಗೆರೆಗಳನ್ನು ಇಟ್ಟುಕೊಂಡು ‘ಸಣ್ಣ ರಚನೆಗಳು ಇಲ್ಲ’ ಎಂದು ತೀರ್ಮಾನ ಬರೆದರು. ದಪ್ಪ ರಟ್ಟು ಹಾಕಿಸಿ ಒಪ್ಪಿಸಿದರು. ಮೌಖಿಕ ಪರೀಕ್ಷೆಯ ಮಾರನೆಯ ದಿನವೇ ಬಣ್ಣ ತಗೊಂಡು ಬಾ ಎಂದು ಜವರಯ್ಯನಿಗೂ ಹೇಳಿಟ್ಟರು. ಏನು ಆತುರವೋ!

ಹೊರ ಊರಿನಿಂದ ಬಂದಿದ್ದ ಪರೀಕ್ಷಕರು ಗ್ರಾಫನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. “ಇಷ್ಟು ನುಣ್ಣಗೆ ಎಲ್ಲಿಂದ ಬಂತ್ರೀ?”

“ಕ್ಲೀನ್ ಮಾಡಿದ್ದೀನಿ ಸರ್,” ಮೇಷ್ಟ್ರು ಎದೆಯುಬ್ಬಿಸಿದರು. “ಸಣ್ಣಸಣ್ಣ ಗುಂಡಿಗಳಿದ್ವು. ಒಂದನ್ನೂ ಬಿಟ್ಟಿಲ್ಲ.”

ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವು ಹುಡುಕೋಕೆ ಹೊರಟಿದ್ದೇ ಅವನ್ನಲ್ವೇನ್ರೀ, ಸ್ವಾಮಿ?”

ಪ್ರಬಂಧ ತಿರಸ್ಕೃತವಾಯಿತು.

ಸಂಜೆ ಮನೆಯಲ್ಲಿ ಆ ಸಿ.ಡಿ. ಮತ್ತೆ ಹಾಕಿದರು. ನಾಲ್ಕೂ ಗೆರೆಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರು. ಭಾನುಪ್ರಿಯಾ ಹೇಳಿದ ಹಾಗೆಯೇ ಗುಂಡಿ ಒಂದು ಗೆರೆಯಿಂದ ಮುಂದಿನದಕ್ಕೆ ಸರಿಯುತ್ತಿತ್ತು. ಆ ಕದಡಿನ ನಡುವೆ ಯಾವುದೋ ಪುಟ್ಟ ರಚನೆ ತನ್ನ ಪಾಡಿಗೆ ತಾನು ತೇಲಿಹೋದ ಗುರುತು. ಅದು ತಮ್ಮ ಮೊರಕ್ಕೇ ಬಂದು ಬಿದ್ದಿತ್ತು, ತಮ್ಮ ಕೈಯಾರೆ ಆರಿಸಿ ಎಸೆದಿದ್ದರು. ನಾಚಿಕೆಯಿಂದ ಮೈಯೆಲ್ಲ ಉರಿಯಿತು. ಅಳುವೂ ಬಂತು. ಬರಲಿ ಬಿಡಿ. ಆ ಹುಡುಗಿ ಹೇಳಿದಾಗ ಕಿವಿ ಎಲ್ಲಿಟ್ಟಿದ್ದರು?

ಮಾರನೆಯ ಬೆಳಿಗ್ಗೆ, ಮೊದಲೇ ಹೇಳಿಟ್ಟಿದ್ದಂತೆ, ಜವರಯ್ಯ ಡಬ್ಬಿ, ಬ್ರಷ್ಷು ಹಿಡಿದು ಬಂದ. ಮೇಷ್ಟ್ರ ಮುಖ ನೋಡಿದ. ಫಲಕ ನೋಡಿದ. ಸ್ವಲ್ಪ ಹೊತ್ತು ತಲೆ ಕೆರೆದುಕೊಂಡ.

“ಸ್ವಾಮೇರಾ, ಹೆಸ್ರನ್ನ ಅಳಿಸಿ ಮಧ್ಯಕ್ಕೆ ಬರ್ದ್ಬುಡ್ಲಾ?”

“ಬರ್ದ್ಬುಡಪ್ಪ,” ಎಂದು ಮೇಷ್ಟ್ರು ಒಳಗೆ ಹೋದರು.